ಇಲ್ಲ ಅಲ್ವಾ ಮಾವ?

ಡಾಕ್ಟರ್ ಕೇಳಿದ್ದು ಹಿಂದಿಯಲ್ಲಿ. ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ, ಕೇಳಿ ಅಂದರು. ಕಣ್ಣು ಕೇಸ್ ಪೇಪರ್ ಮೇಲೇ ಇತ್ತು. ನಾನು ಪಕ್ಕದಲ್ಲಿದ್ದ ಸೋದರಮಾವನ ಕಡೆ ತಿರುಗಿ, "ಮಾವ, ಹಾಗೆಲ್ಲ ಕೆಟ್ಟ ಯೋಚನೆ ಏನೂ ಬರೋದಿಲ್ಲ ಅಲ್ವಾ?" ಅಂದೆ. ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು. "ಇಲ್ಲೆ" ಅಂದರು. ನಾನು ಡಾಕ್ಟರಿಗೆ "ನಹೀ" ಅಂದೆ. ಅವರು ಒಂದು ಗೀಟು ಎಳೆದರು. ಮುಂದಿನ ಪ್ರಶ್ನೆ ಹಸಿವಿನ ಬಗ್ಗೆ.

2023ರ ಜುಲೈ. ಹೊರಗೆ ಜೋರು ಮಳೆ. ಆ ಹತ್ತು ಸೆಕೆಂಡು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಡಾಕ್ಟರ್ ಕೇಳಿದ ಪ್ರಶ್ನೆಗೆ ಹೌದು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು. ನಾನು ಕೇಳಿದ ಪ್ರಶ್ನೆಗೆ ಒಂದೇ ಉತ್ತರ. ಅದನ್ನೂ ನಾನೇ ಹೇಳಿಕೊಟ್ಟಿದ್ದೆ. ಬೇಕಂತಲೇ ಮಾಡಿದ್ದಲ್ಲ. ನನಗೆ ಭಯವಾಗಿತ್ತು. ಹೌದು ಅಂದುಬಿಟ್ಟರೆ ಆಮೇಲೆ ಅವರ ಜೊತೆ ಲೋಕಲ್‌ನಲ್ಲಿ ಹೇಗೆ ಕೂತು ಬರೋದು?

ಹೋಟೆಲ್ ಹಿಂದಿ

ಮಾವ ಮುಂಬೈಗೆ ಬಂದಿದ್ದು 1979ರಲ್ಲಿ, 14ನೇ ವಯಸ್ಸಿಗೆ. ಕೊಂಕಣ ರೈಲು ಇನ್ನೂ ಇರಲಿಲ್ಲ, ಕುಂದಾಪುರದಿಂದ ಬಸ್ಸು. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಗ್ಲಾಸು ತೊಳೆಯೋದು, ಟೇಬಲ್ ಒರೆಸೋದು, ರಾತ್ರಿ ಶಾಲೆ, ಸಪ್ಲೈಯರ್, ಕೊನೆಗೆ ಗಲ್ಲಾ. ಚೆಂಬೂರಿನ ಆ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತು ವರ್ಷ ಕೂತರು. 2020ರ ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿತು. ಮತ್ತೆ ತೆರೆಯಲಿಲ್ಲ. ಮೊದಲ ವರ್ಷ ಎಲ್ಲರ ಮನೆಯಲ್ಲೂ ಅದೇ ಗೋಳಿದ್ದದ್ದರಿಂದ ಮಾವನದು ಬೇರೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ವರ್ಷ ಮಾತು ಕಮ್ಮಿಯಾಯಿತು. ಮೂರನೇ ವರ್ಷ ಸ್ನಾನಕ್ಕೆ ಹೋಗು ಅಂತ ಅತ್ತೆ ಹೇಳಬೇಕಾಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಭ್ಯಾಸವಿದ್ದ ಮನುಷ್ಯ ಹನ್ನೊಂದರವರೆಗೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಿದ್ದೆಯಲ್ಲ. ಸುಮ್ನೆ ಮಲಗಿರೋದು.

ಮಗ ದುಬೈಯಲ್ಲಿ. ಅತ್ತೆ ಅಂದರು, "ನೀನ್ ಓದಿದವ್ಳು, ನೀನೇ ಕರ್ಕಂಡ್ ಹೋಗ್ ಹೆಣ್ಣೆ." ನಾನು ಹುಟ್ಟಿದ್ದು ಮುಂಬೈಯಲ್ಲೇ, ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಮರಾಠಿ, ಹಿಂದಿ ಎರಡೂ ಸರಾಗ. ಹಾಗಾಗಿ ನಾನೇ ದುಭಾಷಿ.

"ನಲವತ್ತು ವರ್ಷದಿಂದ ಮುಂಬೈಯಲ್ಲಿದ್ದಾರೆ, ಹಿಂದಿ ಬರಲ್ವಾ?" ಅಂತ ಕೌಂಟರಿನಲ್ಲೇ ಒಬ್ಬರು ಕೇಳಿದರು. ಬರುತ್ತದೆ. ಮಾವನ ಹಿಂದಿ ಹೋಟೆಲ್ ಹಿಂದಿ. ಬಿಲ್ಲು, ಚಿಲ್ಲರೆ, ಪಾರ್ಸೆಲ್, ಸಾಂಬಾರ್ ಅಲಗ್. ಗಿರಾಕಿ ರೇಗಿದರೆ ಸಮಾಧಾನ ಮಾಡುವಷ್ಟು ಬರುತ್ತದೆ. ತನಗೇನಾಗುತ್ತಿದೆ ಅಂತ ಹೇಳುವ ಹಿಂದಿ ಅವರಿಗೆ ಯಾವತ್ತೂ ಬೇಕಾಗಿರಲಿಲ್ಲ. ಮೊದಲ ದಿನ ಡಾಕ್ಟರ್ ನೇರವಾಗಿ ಅವರನ್ನೇ "ಕ್ಯಾ ತಕಲೀಫ್ ಹೈ ಚಾಚಾ?" ಅಂತ ಕೇಳಿದರು. ಮಾವ ತಟ್ಟನೆ ಬೆನ್ನು ನೆಟ್ಟಗೆ ಮಾಡಿ, "ಸಬ್ ಠೀಕ್ ಹೈ ಸಾಬ್" ಅಂದರು. ಗಲ್ಲಾದ ಮೇಲೆ ಕೂತು ದಿನಕ್ಕೆ ನೂರು ಸಲ ಹೇಳಿದ ಮಾತು ಅದು. ಮುಖದಲ್ಲಿ ಗಲ್ಲಾದ ನಗುವೂ ಬಂತು. ಡಾಕ್ಟರ್ ನನ್ನ ಕಡೆ ತಿರುಗಿದರು. ಅಲ್ಲಿಂದ ಮುಂದೆ ಅವರು ಮಾವನ ಜೊತೆ ಮಾತಾಡಲೇ ಇಲ್ಲ. ಇವರಿಗೆ ನಿದ್ದೆ ಬರುತ್ತಾ, ಇವರು ಊಟ ಮಾಡ್ತಾರಾ, ಇವರಿಗೆ ಸಿಟ್ಟು ಬರುತ್ತಾ. ಮಾವ ಪಕ್ಕದಲ್ಲೇ ಕೂತಿದ್ದರು, ರಿಪೇರಿಗೆ ತಂದ ಮಿಕ್ಸರಿನ ಹಾಗೆ.

ನಾಲ್ಕು ಟೇಬಲ್

ಅದು ಮುಂಬೈಯ ದೊಡ್ಡ ಮುನಿಸಿಪಾಲಿಟಿ ಆಸ್ಪತ್ರೆಗಳಲ್ಲೊಂದು. ಮಾನಸಿಕ ವಿಭಾಗದ ಒಪಿಡಿ, ಅಂದರೆ ಹೊರರೋಗಿಗಳನ್ನು ನೋಡುವ ಜಾಗ. ಒಂದೇ ಕೋಣೆಯಲ್ಲಿ ನಾಲ್ಕು ಟೇಬಲ್, ನಾಲ್ಕು ಡಾಕ್ಟರು, ನಾಲ್ಕು ಪೇಷಂಟು. ಪಕ್ಕದ ಟೇಬಲಿನಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು. ಅವಳ ಅತ್ತೆಮನೆಯ ವಿಷಯವೆಲ್ಲ ನಮಗೆ ಕೇಳುತ್ತಿತ್ತು. ನಮ್ಮದು ಅವರಿಗೆ ಕೇಳುತ್ತಿತ್ತು. ಬಾಗಿಲ ಹತ್ತಿರ ನಿಂತ ವಾರ್ಡ್‌ಬಾಯ್ ಹೆಸರು ಕೂಗುತ್ತಿದ್ದ. ಇಲ್ಲಿನ ಆಸ್ಪತ್ರೆಗಳಲ್ಲಿ ವಾರ್ಡ್‌ಬಾಯ್‌ಗಳನ್ನೂ ಎಲ್ಲರೂ 'ಮಾಮಾ' ಅಂತಲೇ ಕರೆಯೋದು. ಯಾರಾದರೂ ಮಾಮಾ ಅಂದಾಗೆಲ್ಲ ನಮ್ಮ ಮಾವ ತಿರುಗಿ ನೋಡುತ್ತಿದ್ದರು.

ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗ ಬೆಳಿಗ್ಗೆಯಿಂದ ಎಷ್ಟು ಜನರನ್ನು ನೋಡಿದ್ದನೋ, ಟೀ ಕುಡಿದಿದ್ದನೋ ಇಲ್ಲವೋ. ಆದರೆ ಆರು ನಿಮಿಷದಲ್ಲಿ ಮಾತು ಮಾತ್ರದಿಂದ ಕಾಯಿಲೆ ಹಿಡಿಯಬೇಕು. ಸಕ್ಕರೆ ಕಾಯಿಲೆಯಾದರೆ ರಕ್ತ ಹೇಳುತ್ತದೆ, ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ. ಇಲ್ಲಿ ಪೇಷಂಟ್ ಹೇಳಬೇಕು. ಅವನು ಹೇಳಿದ್ದು ಡಾಕ್ಟರಿಗೆ ಮುಟ್ಟಬೇಕು. ನಡುವೆ ನಾನಿದ್ದೆ.

"ಉದಾಸ್ ರೆಹತೇ ಹೈ?" ಅಂತ ಕೇಳಿದರು. ನಾನು "ಬೇಜಾರಾಗ್ತದಾ ಮಾವ?" ಅಂದೆ. "ಬೇಜಾರ್ ಆಗ್ದೇ ಎಂತ, ಕೆಲ್ಸ ಇಲ್ಲೆ" ಅಂದರು ಮಾವ. ನಾನು "ಬೋರ್ ಹೋತಾ ಹೈ, ಕಾಮ್ ನಹೀ ಹೈ" ಅಂತ ಹೇಳಿದೆ. ಮನೆಗೆ ಬಂದ ಮೇಲೆ ಹೊಳೆಯಿತು. ನಮ್ಮ ಬೇಜಾರು ಒಂದು ಮಾತಲ್ಲ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು, ಯಾರೋ ಸತ್ತರೂ ಬೇಜಾರು, ಬದುಕೇ ಸಾಕು ಅನ್ನಿಸಿದರೂ ಬೇಜಾರು. ಮಾವ ಇದರಲ್ಲಿ ಯಾವುದನ್ನು ಹೇಳಿದ್ದರು? ಕೇಳಬೇಕಿತ್ತು. ನಾನು ಎಲ್ಲಕ್ಕಿಂತ ಹಗುರವಾದದ್ದನ್ನು ಎತ್ತಿಕೊಂಡು ಡಾಕ್ಟರಿಗೆ ಕೊಟ್ಟೆ.

ಒಂದು ಕಡೆ ನಗುವಂಥದ್ದೂ ಆಯಿತು. "ಕಾನ್ ಮೇ ಆವಾಜ್ ಆತೀ ಹೈ?" ಅಂದರು. ಇದು ಮಾವನಿಗೆ ನೇರವಾಗಿ ಅರ್ಥವಾಯಿತು. ಹೌದು, ರಾತ್ರಿಯೆಲ್ಲ ಬರುತ್ತದೆ, ನಿದ್ದೆ ಮಾಡೋಕೆ ಬಿಡೋದಿಲ್ಲ ಅಂದರು. ಡಾಕ್ಟರ್ ಪೆನ್ನು ನಿಂತಿತು. ಮೊದಲ ಸಲ ತಲೆ ಎತ್ತಿ ಮಾವನ ಮುಖ ನೋಡಿದರು. ನಾನು ಗಡಿಬಿಡಿಯಲ್ಲಿ, ಇಲ್ಲ ಇಲ್ಲ, ಇವರ ಮನೆ ಭಾಂಡೂಪ್‌ನಲ್ಲಿ ರೈಲು ಹಳಿ ಪಕ್ಕ ಇದೆ ಅಂದೆ. ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳುತ್ತದಾ ಅಂತ ಅವರು ಕೇಳಿದ್ದು. ನಾನು ಸ್ವಲ್ಪ ತಡ ಮಾಡಿದ್ದರೆ ಲೋಕಲ್ ಟ್ರೈನಿನ ಸದ್ದಿಗೆ ಮಾತ್ರೆ ಬರುತ್ತಿತ್ತು. ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಮೊದಲು ಬರೆದ ಆ ಹತ್ತು ಸೆಕೆಂಡಿನದ್ದನ್ನು ಯಾರಿಗೂ ಹೇಳಿರಲಿಲ್ಲ.

ಠಾಣೆ

ನಾನಿರೋದು ಠಾಣೆಯಲ್ಲಿ. ಇಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ 'ಠಾಣೆಗೆ ಕಳಿಸಬೇಕು' ಅನ್ನೋದು ಮುಂಬೈಯ ಹಳೇ ಜೋಕು. ಧಾರವಾಡದ ಕಡೆ ಅದೇ ಜೋಕಿಗೆ ಧಾರವಾಡ, ಬೆಂಗಳೂರಿನಲ್ಲಿ ನಿಮ್ಹಾನ್ಸ್. ಠಾಣೆಯ ಮಾನಸಿಕ ಆಸ್ಪತ್ರೆ 1901ರದ್ದು. ನೂರಿಪ್ಪತ್ತು ವರ್ಷದಿಂದ ಊರಿನ ಹೆಸರೇ ಬೈಗುಳ. ಮಾವನಿಗೆ ಮೊದಲ ಸಲ ಆಸ್ಪತ್ರೆ ಅಂದಾಗ ಅವರು ಕೇಳಿದ್ದು ಒಂದೇ, "ಠಾಣೆಗಾ?" ಪೊಲೀಸ್ ಠಾಣೆಗಾ ಅಂತ ಕೇಳಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ಮೂರನೇ ಸಲ ಹೋದಾಗ ಒಪಿಡಿ ಬೆಂಚಿನಲ್ಲಿ ನಮ್ಮ ಊರ ಕಡೆಯವರೇ ಒಬ್ಬರು ಕೂತಿದ್ದರು. ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕಾಣುವ ಮನುಷ್ಯ. ಅವರು ಮೊಬೈಲಿನಲ್ಲಿ ಮುಖ ಹುದುಗಿಸಿದರು. ಮಾವ ಕಿಟಕಿ ಕಡೆ ತಿರುಗಿ ಕೂತರು. ಎರಡು ಗಂಟೆ ಇಬ್ಬರೂ ಹಾಗೇ ಕೂತಿದ್ದರು. ಇಷ್ಟು ದೊಡ್ಡ ಮುಂಬೈಯಲ್ಲಿ ನಮ್ಮವರ ಮುಂಬೈ ಒಂದು ಸಣ್ಣ ಪೇಟೆ. ಮತ್ಸ್ಯಗಂಧ ರೈಲು ಕುಂದಾಪುರ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಹತ್ತಿರದಲ್ಲೇ ಆಸ್ಪತ್ರೆ ಇದ್ದರೂ ಜನ ಮೂರು ಸ್ಟೇಷನ್ ದಾಟಿ ಬೇರೆ ಕಡೆ ಹೋಗೋದು ಇದಕ್ಕೇ.

ನಾನು ಕೇಳದೇ ಬಿಟ್ಟ ಇನ್ನೊಂದು

ಎಸ್ಸಿಟಾಲೊಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ ಶುರುವಾಯಿತು. ಎರಡು ಮೂರು ವಾರ ಆದಮೇಲೆ ಗೊತ್ತಾಗುತ್ತದೆ ಅಂದಿದ್ದರು, ಸ್ವಲ್ಪ ಗೊತ್ತೂ ಆಯಿತು. ಮಾವ ಪೇಪರ್ ಓದೋಕೆ ಶುರು ಮಾಡಿದರು. ಎರಡನೇ ಸಲ ಹೋದಾಗ ಬೇರೆ ಡಾಕ್ಟರ್. ಮತ್ತೆ ಮೊದಲಿಂದ ಕಥೆ. ಊಟ, ನಿದ್ದೆ ಎಲ್ಲ ಆದಮೇಲೆ ಅವರು ಪೆನ್ನು ಆಡಿಸುತ್ತಾ, ಗಂಡ ಹೆಂಡತಿ ಸಂಬಂಧದಲ್ಲಿ ಏನಾದರೂ ತೊಂದರೆ ಇದೆಯಾ, ಕೇಳಿ ಅಂದರು.

ನೀವೇ ಹೇಳಿ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜುಹು ಬೀಚ್ ತೋರಿಸಿದ ಮಾವ. ಅವರಿಗೆ ಅದನ್ನು ನಾನು ಯಾವ ಬಾಯಲ್ಲಿ ಕೇಳಲಿ? "ಅತ್ತೆ ಜೊತೆ ಜಗಳ ಗಿಗಳ ಇಲ್ಲ ಅಲ್ವಾ?" ಅಂದೆ. ಮತ್ತೆ ಅದೇ 'ಅಲ್ವಾ'. ಇಲ್ಲ ಅಂದರು. ನಾನೂ ಇಲ್ಲ ಅಂದೆ.

ಅಕ್ಟೋಬರಿನಲ್ಲಿ ಮಾವ ಕುರ್ಲಾದಲ್ಲಿ ಇಳಿಯುವಾಗ ತಲೆ ಸುತ್ತಿ ಪ್ಲಾಟ್‌ಫಾರ್ಮ್ ಮೇಲೆ ಕೂತುಬಿಟ್ಟರು. ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಅಂದರು. ಬಿಪಿ ಅಂದುಕೊಂಡೆವು. ಮಾತ್ರೆ ತಗೋತಿದ್ದೀರಾ ಅಂತ ಕೇಳಿದರೆ ಹೌದು ಅಂದರು. ಮುಂದಿನ ಸಲ ನಾನು ಡಾಕ್ಟರಿಗೆ ಅದನ್ನೇ ಹೇಳಿದೆ. ತಗೋತಿದ್ದಾರೆ, ಆದರೂ ಮತ್ತೆ ಮಂಕಾಗಿದ್ದಾರೆ. ಅವರು ಡೋಸ್ ಜಾಸ್ತಿ ಮಾಡಿದರು. ಡಿಸೆಂಬರಿನಲ್ಲಿ ಅತ್ತೆ ಕಪಾಟಿನ ಹಿಂದೆ ಮಾತ್ರೆಯ ಪಟ್ಟಿಗಳನ್ನು ಕಂಡರು. ಸೆಪ್ಟೆಂಬರ್ ಕೊನೆಯಿಂದ ಒಂದೂ ತೆಗೆದುಕೊಂಡಿರಲಿಲ್ಲ. ಒಮ್ಮೆಲೇ ಬಿಟ್ಟಿದ್ದಕ್ಕೇ ಆ ತಲೆಸುತ್ತು, ಆ ಕರೆಂಟು. ಯಾಕೆ ಬಿಟ್ಟಿರಿ ಅಂದರೆ ಉತ್ತರವಿಲ್ಲ. "ಸಾಕ್ ಮಗಾ" ಅಷ್ಟೇ.

ಆ ಜನವರಿಯಲ್ಲಿ ಅತ್ತೆ ಅವರನ್ನು ಊರಿಗೆ ಕರೆದುಕೊಂಡು ಹೋದರು. ದೈವದ ದರ್ಶನ ಇತ್ತು. ನಾನೂ ಹೋಗಿದ್ದೆ, ಒಳಗೊಳಗೇ ಬೈದುಕೊಳ್ಳುತ್ತಾ. ಆದರೆ ಅಲ್ಲಿ ನೋಡಿದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ದೈವ ಮೈಮೇಲೆ ಬರುವ ಪಾತ್ರಿ ಕೇಳಿದ್ದು ಮಾವನನ್ನು. ಅತ್ತೆಯನ್ನಲ್ಲ, ನನ್ನನ್ನಲ್ಲ. ಮಾವ ಕೈ ಮುಗಿದು ನಿಂತು ಹೋಟೆಲ್ ಮುಚ್ಚಿದ್ದು, ಸೇಟು ಬಾಕಿ ಕೊಡದಿದ್ದದ್ದು, ಮಗನ ಫೋನು ಬರದಿದ್ದದ್ದು ಎಲ್ಲ ಹೇಳಿದರು, ನಮ್ಮ ಕುಂದಾಪುರದ ಮಾತಿನಲ್ಲಿ, ತಡವರಿಸದೆ. ಆರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಆಡಿದ್ದಕ್ಕಿಂತ ಜಾಸ್ತಿ ಮಾತು ಅಲ್ಲಿ ಒಂದೇ ಸಂಜೆ ಬಂತು. ಕಾಯಿಲೆ ಅದರಿಂದ ವಾಸಿಯಾಗಲಿಲ್ಲ, ಆಗುತ್ತದೆ ಅಂತ ನಾನು ನಂಬೋದೂ ಇಲ್ಲ. ಆದರೆ ಜನ ಯಾಕೆ ಮೊದಲು ಅಲ್ಲಿಗೆ ಹೋಗುತ್ತಾರೆ ಅನ್ನೋದು ನನಗೆ ಅವತ್ತು ಅರ್ಥವಾಯಿತು. ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕೋಕೆ ಆಮೇಲೆ ಬಾಯಿ ಬಂದಿಲ್ಲ.

ನಿದ್ದಿ ಬರ್ತೈತೇನ್ರಿ?

ಫೆಬ್ರವರಿಯಲ್ಲಿ ಮತ್ತೆ ಆಸ್ಪತ್ರೆ, ಮತ್ತೆ ಹೊಸ ಮುಖ. ಈ ಸಲ ಹುಬ್ಬಳ್ಳಿ ಕಡೆಯ ಹುಡುಗಿ, ಪಿಜಿ ಮಾಡುತ್ತಿದ್ದಳು. ಹೆಸರು ನೋಡಿಯೇ ಗೊತ್ತಾಗಿರಬೇಕು. "ಯಾಕ್ರೀ ಯಜಮಾನ್ರ, ನಿದ್ದಿ ಬರ್ತೈತೇನ್ರಿ?" ಅಂದಳು. ಮಾವ ಬಾಯಿ ತೆರೆದುಕೊಂಡು ಕೂತರು. ಆಮೇಲೆ ನಕ್ಕರು. ನಾನು ಆ ನಗು ನೋಡಿ ವರ್ಷವಾಗಿತ್ತು. ಅವಳ ಹುಬ್ಬಳ್ಳಿ ಇವರಿಗೆ ಅರ್ಧ ಅರ್ಥವಾಗಲಿಲ್ಲ, ಇವರ ಕುಂದಾಪುರ ಅವಳಿಗೆ ಮುಕ್ಕಾಲು ಅರ್ಥವಾಗಲಿಲ್ಲ. 'ಹೋಪ' ಅಂದರೆ ಏನು, 'ಬಪ್ಪುದು' ಅಂದರೆ ಏನು ಅಂತ ಕೇಳಿಕೊಂಡು ಕೇಳಿಕೊಂಡು ಮುಂದೆ ಹೋದರು. ಐದು ನಿಮಿಷ ಆದಮೇಲೆ ಅವಳು ನನಗೆ, "ಅಕ್ಕಾ, ನೀವು ಸ್ವಲ್ಪ ಹೊರಗ ಕುಂದರ್ತೀರಿ?" ಅಂದಳು.

ಹೊರಗೆ ಕೂತೆ. ಇಪ್ಪತ್ತೈದು ನಿಮಿಷ. ಸಾಲಿನಲ್ಲಿದ್ದವರೆಲ್ಲ ಗೊಣಗುತ್ತಿದ್ದರು. ಅವರ ಗೊಣಗಾಟ ತಪ್ಪಲ್ಲ, ಆ ಇಪ್ಪತ್ತೈದು ನಿಮಿಷ ಅವರ ಲೆಕ್ಕದಿಂದಲೇ ಬಂದಿದ್ದು. ನನಗೆ ಮಾತ್ರ ಮೊದಲು ಹಗುರವಾಯಿತು, ಆಮೇಲೆ ಹೊಟ್ಟೆಕಿಚ್ಚಾಯಿತು. ಅದೂ ನಿಜ.

ಆಮೇಲೆ ಅವಳು ನನ್ನನ್ನು ಕರೆದು ಎರಡು ವಿಷಯ ಹೇಳಿದಳು. ಮಾತ್ರೆ ಬದಲಾಯಿಸಿದ್ದೇನೆ, ಹಳೆಯದು ಬಿಟ್ಟದ್ದಕ್ಕೆ ಅವರಿಗೆ ಕಾರಣ ಇತ್ತು, ಅದನ್ನು ನೀವು ಕೇಳಬೇಡಿ. ಎರಡನೆಯದ್ದು ಹೇಳುವ ಮೊದಲು ಮಾವನ ಕಡೆ ನೋಡಿದಳು. ಮಾವ ತಲೆ ಆಡಿಸಿದರು. ಹೋದ ಮಳೆಗಾಲದಲ್ಲಿ ಇವರಿಗೆ ಸಾಯುವ ಯೋಚನೆ ಬರುತ್ತಿತ್ತು. ಈಗ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ನಿಮಗೂ ನಿಮ್ಮ ಅತ್ತೆಗೂ ಹೇಳಬಹುದು ಅಂತ ಅವರೇ ಒಪ್ಪಿದ್ದಾರೆ.

ಹೋದ ಮಳೆಗಾಲ. ಜುಲೈ.

ಮೊದಲನೆಯದ್ದು ನಾನು ಕೇಳಲಿಲ್ಲ. ಮಾತ್ರೆಯ ಜೊತೆಯ ಸಣ್ಣ ಅಕ್ಷರದ ಕಾಗದ ಓದಿದರೆ ಯಾರಿಗಾದರೂ ತಿಳಿಯುತ್ತದೆ. ಈ ಜಾತಿಯ ಮಾತ್ರೆಗಳಿಂದ ಗಂಡ ಹೆಂಡಿರ ಸಂಬಂಧಕ್ಕೆ ತೊಂದರೆ ಆಗೋದು ಅಪರೂಪವೇನಲ್ಲ, ಡಾಕ್ಟರಿಗೆ ಹೇಳಿದರೆ ದಾರಿಯೂ ಇದೆ. ಹೇಳಬೇಕಾಗಿದ್ದದ್ದು ಸೊಸೆಯ ಬಾಯಿಂದ. ಅದಕ್ಕಿಂತ ಮಾತ್ರೆ ಕಪಾಟಿನ ಹಿಂದೆ ಹೋಗೋದೇ ಸುಲಭ.

ಅವತ್ತು ರಾತ್ರಿ ಕೂತು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನೆಪಟ್ಟಿಯ ಕನ್ನಡ ರೂಪ ಹುಡುಕಿದೆ. ಖಿನ್ನತೆ ಅಳೆಯೋಕೆ ಜಗತ್ತಿನ ಎಲ್ಲ ಕಡೆ ಬಳಸುವ ಒಂಬತ್ತು ಪ್ರಶ್ನೆ. ಕೊನೆಯದು ಸಾವಿನ ಬಗ್ಗೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹಾಗನ್ನಿಸಿತು ಅಂತ ಕೇಳುತ್ತದೆ. ಅದರಲ್ಲಿ 'ಅಲ್ವಾ' ಇಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುತ್ತದೆ ಅನ್ನೋದು ನಮ್ಮೆಲ್ಲರ ಹೆದರಿಕೆ. ಹಾಗೇನೂ ಆಗೋದಿಲ್ಲ, ನೇರವಾಗಿ ಕೇಳಿದರೆ ಎಷ್ಟೋ ಜನರಿಗೆ ಸಮಾಧಾನವೇ ಆಗುತ್ತದೆ ಅಂತ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ.

ಕಾಗದದ ಮೇಲೆ

ಒಮ್ಮೆ ಶುರು ಮಾಡಿದ ಮೇಲೆ ಎಲ್ಲವನ್ನೂ ಓದಿದೆ. ಮಾನಸಿಕ ಆರೋಗ್ಯದ 2017ರ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಒಳ್ಳೇ ಕಾಯ್ದೆ. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ಹೇಳಿದ ಮೇಲೆ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಅನ್ನುತ್ತದೆ. ಗುಟ್ಟು ಕಾಪಾಡೋದು ರೋಗಿಯ ಹಕ್ಕು ಅನ್ನುತ್ತದೆ. ನಾಲ್ಕು ಟೇಬಲಿನ ಕೋಣೆ ನೆನಪಾಯಿತು. ಅದೇ ಹೊತ್ತಿಗೆ 2015-16ರ ರಾಷ್ಟ್ರೀಯ ಸಮೀಕ್ಷೆಯನ್ನೂ ನೋಡಿದೆ, ನಿಮ್ಹಾನ್ಸ್ ಮಾಡಿದ್ದು. ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಇಲ್ಲ. ಸಮೀಕ್ಷೆ ಆದ 12 ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇಲ್ಲ, ಕರ್ನಾಟಕವೂ ಇಲ್ಲ. ನಮ್ಮಂಥವರು ಅಲ್ಲೂ ಲೆಕ್ಕಕ್ಕೆ ಸಿಗಲಿಲ್ಲ. ತಮಾಷೆ ಅಂದರೆ, ಮನೆ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು ಅಂತ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. ಮಾವನ 'ಮನೆ ಹತ್ತಿರ' ಯಾವುದು ಅಂತ ಯಾರಾದರೂ ಹೇಳಬೇಕು.

2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮಾವನಿಗೆ ಹೇಳಿದೆ. ಒಂದೇ ಕೋಣೆಯ ಮನೆ, ಅತ್ತೆ ಅಲ್ಲೇ ಒಲೆ ಮುಂದೆ. ಎಲ್ಲಿ ಕೂತು ಮಾತಾಡೋದು? ಒಂದು ಸಲ ಸ್ಟೇಷನ್ನಿನ ಕೊನೇ ಬೆಂಚಿಗೆ ಹೋಗಿ ಮಾಡಿದರಂತೆ. ಫಾಸ್ಟ್ ಟ್ರೈನ್ ಬಂದಾಗೆಲ್ಲ ಮಾತು ನಿಲ್ಲಿಸಬೇಕಾಯಿತಂತೆ. "ಒಳ್ಳೆ ಜನ, ಕಾಯ್ತ್ರ್" ಅಂದರು.

ಇನ್ನೊಂದು. ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ರೋಗಿಯೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬಹುದು ಅಂತಲೂ ಆ ಕಾಯ್ದೆಯಲ್ಲಿದೆ. ನಾನೇ ಹಾಳೆ ತೆಗೆದುಕೊಂಡು ಹೋದೆ. ಮಾವ ಸ್ವಲ್ಪ ಯೋಚನೆ ಮಾಡಿ, "ನಿನ್ ಅತ್ತಿ ಹೆಸ್ರ್ ಬರಿ" ಅಂದರು. ಬರೆದೆ. ನನ್ನ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ.

ಎರಡು ಚೀಟಿ

ಹುಬ್ಬಳ್ಳಿ ಹುಡುಗಿಯ ಓದು ಮುಗಿಯಿತು, ಹೋದಳು. ಹೋಗುವ ಮೊದಲು ಕೇಸ್ ಪೇಪರಿನ ಮೇಲೆ, ಇವರ ಜೊತೆ ಕನ್ನಡದಲ್ಲಿ, ಒಬ್ಬರೇ ಇದ್ದಾಗ ಮಾತಾಡಿ ಅಂತ ಇಂಗ್ಲಿಷಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದಳು. ಈಗಿನ ಡಾಕ್ಟರ್ ಅದನ್ನು ಓದಿದರು, ನನ್ನ ಮುಖ ನೋಡಿದರು, ಸುತ್ತ ನೋಡಿದರು. ಕನ್ನಡ ಬರುವವರು ಯಾರೂ ಇರಲಿಲ್ಲ. ಆಯಿತು, ಕೇಳಿ ಅಂದರು.

ಈಗ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಕೇಳುತ್ತೇನೆ. ಒಂಬತ್ತನೇ ಪ್ರಶ್ನೆಯನ್ನೂ. ಮೊದಲ ಸಲ ಕೇಳಿದಾಗ ನನ್ನ ಗಂಟಲು ಒಣಗಿತ್ತು. ಮಾವ ಟೇಬಲ್ ನೋಡುತ್ತಾ, "ಈ ವಾರ ಎಯ್ಡ್ ದಿನ" ಅಂದರು. ನಾನು "ದೋ ದಿನ್" ಅಂದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ನಮ್ಮ ಕಡೆ ಸರಿದು ಕೂತರು.

ಮಾವ ಈಗ ಹೋಗುವ ಮೊದಲು ಬರೆದುಕೊಂಡು ಬರುತ್ತಾರೆ. ರಾತ್ರಿ ಶಾಲೆಯ ದುಂಡು ಅಕ್ಷರ, ಗಲ್ಲಾದವರ ಹಾಗೆ ಒಂದರ ಕೆಳಗೊಂದು. ಹಳೇ ಬಿಲ್ ಬುಕ್ಕಿನ ಹಾಳೆ, ಹಿಂದೆ ಹೋಟೆಲಿನ ಹೆಸರಿದೆ. ಎರಡು ಚೀಟಿ. ಒಂದನ್ನು ನನಗೆ ಕೊಡುತ್ತಾರೆ, ನಾನು ಇದ್ದದ್ದು ಇದ್ದ ಹಾಗೆ ಓದಿ ಹೇಳುತ್ತೇನೆ. ಇನ್ನೊಂದು ನಾಲ್ಕು ಮಡಿಕೆಯಾಗಿ ಅಂಗಿಯ ಜೇಬಿನಲ್ಲೇ ಇರುತ್ತದೆ. ಅದು ಕನ್ನಡ ಬರುವ ಡಾಕ್ಟರ್ ಸಿಕ್ಕರೆ ಕೊಡೋದಕ್ಕೆ. ಅಂಗಿ ಒಗೆಯುವ ಮೊದಲು ಅತ್ತೆ ಅದನ್ನು ತೆಗೆದು ದೇವರ ಫೋಟೋ ಹಿಂದೆ ಇಡುತ್ತಾರೆ, ಒಣಗಿದ ಮೇಲೆ ಮತ್ತೆ ಜೇಬಿಗೆ ಹಾಕುತ್ತಾರೆ. ಅತ್ತೆಗೆ ಓದೋಕೆ ಬರುತ್ತದೆ. ಓದಿಲ್ಲ ಅನ್ನುತ್ತಾರೆ.